ಕೊಪ್ಪಕ್ಕೆ ಅದು ಬಂದ ದಿನ

ಆ ವಿಡಿಯೋ ಕಳಿಸಿದ್ದು ನಾನು. ಊರೆಲ್ಲ ಸೇರಿ ನನ್ನ ತಂಗಿ ಸುಮಿತ್ರಳನ್ನು ಬೈಯುವಾಗ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ನಾನು ಓದಿದ್ದು ಆರನೇ ಕ್ಲಾಸು, ಜೀಪು ಓಡಿಸುವವನು. ಬರೆದು ರೂಢಿಯಿಲ್ಲ. ಆದರೂ ಅವಳ ಬಗ್ಗೆ ಬರೆಯಬೇಕೆಂದರೆ ಇದನ್ನು ಹೇಳದೆ ಮುಂದೆ ಹೋಗಲಾರೆ.

ಸುಮಿತ್ರ ಕೊಪ್ಪದ ಟೈಲರ್ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುತ್ತಿದ್ದಳು. ಯಾರನ್ನು ಕಂಡರೂ ಮೊದಲು ಭುಜ ನೋಡುತ್ತಿದ್ದಳು, ಆಮೇಲೆ ಮುಖ. ಅಳತೆಯ ಟೇಪು ಊಟಕ್ಕೆ ಕುಳಿತಾಗಲೂ ಕೊರಳಲ್ಲಿರುತ್ತಿತ್ತು. "ಕತ್ತರಿ ಹಾಕೋ ಮುಂಚೆ ಅಳೀಬೇಕು ಅಣ್ಣ, ಹಾಕಿದ ಮೇಲೆ ಅಳಬಾರ್ದು" ಎನ್ನುತ್ತಿದ್ದಳು.

ಮಧ್ಯಾಹ್ನದ ಬಿಡುವಿನಲ್ಲಿ ಫೋನಿನಲ್ಲಿ ರಾಕ್ಷಸರ ಸಿನಿಮಾ ನೋಡುವುದು ಅವಳ ಚಟ. ಒಂದು ದಿನ ಬುತ್ತಿ ಬಿಚ್ಚುತ್ತಾ ಕೇಳಿದಳು: "ಈ ರಾಕ್ಷಸರೆಲ್ಲ ದೊಡ್ಡ ದೊಡ್ಡ ಊರಿಗೇ ಯಾಕೆ ಹೋಗ್ತಾವೆ? ನಮ್ಮ ಕೊಪ್ಪ ಎಂತ ತಪ್ಪು ಮಾಡಿದೆ?"

ನಾನು ನಕ್ಕೆ. ಅವಳು ನಗಲಿಲ್ಲ. ಮಾರನೇ ವಾರವೇ ತನ್ನ ಫೋನಿನಲ್ಲಿ ಸಿನಿಮಾ ಶುರುಮಾಡಿದಳು. ಕತೆ ಇಷ್ಟೇ. ಒಬ್ಬ ಹೆಂಗಸು ಅಕ್ಕನಿಗೆ ಬಟ್ಟೆಯ ಬಣ್ಣ ತೋರಿಸಲೆಂದು ಕೊಪ್ಪ ಪೇಟೆಯಲ್ಲಿ ವಿಡಿಯೋ ಮಾಡುತ್ತಿರುತ್ತಾಳೆ. ಆಗ ಏನೋ ಒಂದು ಪೇಟೆಯ ಮೇಲೆ ಬೀಳುತ್ತದೆ. ಎಲ್ಲ ಮುಗಿದ ಮೇಲೆ ಕೆಸರಿನಲ್ಲಿ ಅವಳ ಫೋನು ಸಿಗುತ್ತದೆ. ಆ ಫೋನಿನಲ್ಲಿ ಉಳಿದಿದ್ದೇ ಸಿನಿಮಾ.

ರಾಕ್ಷಸನ ಕಾಲನ್ನು ಮುರಿದ ಕೊಡೆಗಳ ಕಡ್ಡಿಗೆ ಕಪ್ಪು ಲೈನಿಂಗ್ ಬಟ್ಟೆ ಹೊಲಿದು ಮಾಡಿದಳು. ಮೊಣಕೈಯಷ್ಟು ಉದ್ದ. ಅದನ್ನು ಫೋನಿನ ಮೂಗಿಗೇ ಹಿಡಿದು ಆಡಿಸಿದರೆ ಬಸ್‌ಸ್ಟ್ಯಾಂಡಿನ ಮೇಲೆ ಕಾಲಿಟ್ಟ ಹಾಗೆ ಕಾಣುತ್ತಿತ್ತು. ಗರ್ಜನೆಗೆ ಬಚ್ಚಲಿನ ತಾಮ್ರದ ಹಂಡೆಯನ್ನು ಸಿಮೆಂಟಿನ ಮೇಲೆ ಎಳೆದಳು.

"ಇದಕ್ಕೆ ಹೆಸರೆಂತ?" ಎಂದು ಕೇಳಿದೆ.

"ಹೆಸರಿಟ್ರೆ ಸಾಕಿದ ನಾಯಿ ಹಾಗಾಗ್ತದೆ ಮಾರಾಯ. ಬರೀ 'ಅದು'."

ಎಡವಿದ್ದು ಅಲ್ಲೇ. ಆ ವರ್ಷ ನಮ್ಮ ಸುತ್ತಿನಲ್ಲಿ ಆನೆಯ ಕಾಟವಿತ್ತು. ಹೆಸರೆತ್ತಿದರೆ ಬಂದುಬಿಡುತ್ತದೆ ಎಂದು ನಮ್ಮ ಜನ ಆನೆಯನ್ನು ಆನೆ ಎನ್ನುವುದಿಲ್ಲ, 'ಅದು' ಎನ್ನುತ್ತಾರೆ. "ನಿನ್ನೆ ಅದು ಬಂದಿತ್ತಂತೆ" ಎಂದರೆ ಯಾವುದು ಎಂದು ಯಾರೂ ಕೇಳುವುದಿಲ್ಲ.

ಒಂದು ಸಂತೆಯ ದಿನ ಸುಮಿತ್ರ ಫೋನನ್ನು ಜೀಪಿನಲ್ಲಿ ಚಾರ್ಜಿಗೆ ಹಾಕಲು ನನಗೆ ಕೊಟ್ಟು ಕೆಲಸಕ್ಕೆ ಹೋದಳು. ನಾನು ಅವಳು ತೆಗೆದದ್ದನ್ನು ನೋಡಿದೆ. ಬಸ್‌ಸ್ಟ್ಯಾಂಡು ಅಲ್ಲಾಡುತ್ತದೆ, ಹಂಡೆ ಗರ್ಜಿಸುತ್ತದೆ, ಇವಳ ದನಿ ಕಿರುಚುತ್ತದೆ: "ಅದು ಬಂತು! ಬಸ್‌ಸ್ಟ್ಯಾಂಡಿಗೇ ಬಂತು! ಓಡಿ!" ನನ್ನ ಮೈ ಜುಮ್ಮೆಂದಿತು. ನನ್ನ ತಂಗಿ ಮಾಡಿದ್ದು ಇದು ಎಂಬ ಹೆಮ್ಮೆಗೆ ಅವಳ ಫೋನಿನಿಂದಲೇ ಅವಳ ಮಹಿಳಾ ಸಂಘದ ಗ್ರೂಪಿಗೆ ಕಳಿಸಿದೆ. 'ಇದು ಸಿನಿಮಾ' ಎಂದು ಬರೆಯಬೇಕಿತ್ತು. ಅಕ್ಷರ ಹುಡುಕಿ ಒತ್ತುವುದು ನನಗೆ ಕಷ್ಟ. ಹಾಗೇ ಬಿಟ್ಟೆ.

ಅರ್ಧ ಗಂಟೆಯಲ್ಲಿ ಅಂಗಡಿಗಳ ಶಟರ್ ಬಿದ್ದವು. ತರಕಾರಿ ಬಿಟ್ಟು ಜನ ಓಡಿದರು. ಫಾರೆಸ್ಟಿನವರು ಪಟಾಕಿ ಹಿಡಿದು ಬಂದರು. ಹೂ ಮಾರುವ ಗಿರಿಜಮ್ಮ ಓಡುವಾಗ ಚರಂಡಿಗೆ ಬಿದ್ದು ಕೈ ಮುರಿದುಕೊಂಡರು.

ವಿಡಿಯೋ ಯಾರ ಫೋನಿನದೆಂದು ತಿಳಿದಾಗ ಜನ ಟೈಲರ್ ಅಂಗಡಿಯನ್ನು ಮುತ್ತಿದರು. "ನಿಂಗೆ ಅದು ಅಂದ್ರೆ ಆಟವೇನೇ?" ಎಂದು ಒಬ್ಬರು ಕೂಗಿದರು. ಫೋನು ಕೊಡಲು ಬಂದು ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ಸುಮಿತ್ರ ತಿರುಗಿದಳು.

"ಅಣ್ಣ, ನೀನೇನಾದ್ರೂ ಮುಟ್ಟಿದ್ಯಾ?"

"ಇಲ್ಲ ಮಾರಾಯ್ತಿ."

ಅವಳು ನಂಬಿದಳು. "ಹಾಗಾದ್ರೆ ಕೊಡೋವಾಗ ನನ್ನ ಕೈಯೇ ತಾಗಿರಬೇಕು. ಎಲ್ರೂ ಕ್ಷಮಿಸಿ" ಎಂದು ಕೈ ಮುಗಿದಳು. ಅಂಗಡಿಯ ಯಜಮಾನರು ನಾಳೆಯಿಂದ ಬರುವುದು ಬೇಡ ಎಂದರು.

ಅಳುತ್ತಾ ಕೂರುವ ಜಾತಿಯಲ್ಲ ಅವಳು. ಮಾರನೇ ದಿನ ಗಿರಿಜಮ್ಮನ ಮನೆಗೆ ಹೋಗಿ ಅಡುಗೆ ಮಾಡಿಟ್ಟಳು. ಪ್ಲಾಸ್ಟರಿನ ಕೈ ತೂರುವಂತೆ ತೋಳಿನ ಉದ್ದಕ್ಕೂ ಹುಕ್ಕು ಇಟ್ಟು ರವಿಕೆ ಹೊಲಿದುಕೊಟ್ಟಳು. ಮೊದಲು ಮುಖ ತಿರುಗಿಸಿದ್ದ ಗಿರಿಜಮ್ಮ ಆ ರವಿಕೆ ತೊಟ್ಟು ಕನ್ನಡಿ ನೋಡಿ ನಕ್ಕರು. ಸಿನಿಮಾದಲ್ಲಿ ಓಡಬೇಕು, ಬರ್ತೀರಾ ಎಂದು ಸುಮಿತ್ರ ಕೇಳಿದಾಗ, "ಓಡೋದೂ ಬರ್ತದೆ, ಬೀಳೋದೂ ಬರ್ತದೆ. ಇನ್ನೆಂತ ಕಲಿಸ್ತೀಯೇ?" ಎಂದರು. ಅವರ ಹಿಂದೆ ತರಕಾರಿಯವರು ಬಂದರು, ಬೈದಿದ್ದ ಅಂಗಡಿಯವರು ಬಂದರು. ನಾಲ್ಕು ವರ್ಷ, ರಜೆಯ ದಿನಗಳಲ್ಲಿ, ಅರ್ಧ ಕೊಪ್ಪ ಅವಳ ಫೋನಿನ ಮುಂದೆ ಕಿರುಚುತ್ತಾ ಓಡಿತು.

ಅವಳೊಳಗೆ ಒಂದು ಮಾತ್ರ ಕೆಟ್ಟಿತ್ತು. ಏನು ಕಳಿಸಬೇಕಿದ್ದರೂ ಫೋನನ್ನು ನನಗೆ ಚಾಚುತ್ತಿದ್ದಳು. "ನೀನೇ ಒತ್ತು ಅಣ್ಣ. ನನ್ನ ಕೈ ಮೇಲೆ ನಂಗೆ ನಂಬಿಕೆ ಇಲ್ಲ." ನೂಲೆಳೆಯಷ್ಟೂ ತಪ್ಪದ ಕೈ ಅದು. ಒತ್ತಿಕೊಡುತ್ತಿದ್ದೆ. ಆಗಲೂ ಹೇಳಲಿಲ್ಲ.

ಈಗ ಅವಳು ನರಸಿಂಹರಾಜಪುರದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾಳೆ. ಹೋದ ತಿಂಗಳು ಕೊಪ್ಪದ ಒಂದು ಸಭಾಭವನದಲ್ಲಿ ಸಿನಿಮಾ ತೋರಿಸಿದಳು. ಶೃಂಗೇರಿಯಿಂದಲೂ ಜನ ಬಂದಿದ್ದರು. ಗಿರಿಜಮ್ಮ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಕುರ್ಚಿ ಸಾಲದೆ ನೆಲದ ಮೇಲೆ ಕುಳಿತವರು, ಆ ಕಾಲು ಬಸ್‌ಸ್ಟ್ಯಾಂಡಿನ ಮೇಲೆ ಇಳಿದಾಗ, ಒಟ್ಟಿಗೆ ತಮ್ಮ ಕಾಲು ಒಳಗೆಳೆದುಕೊಂಡರು. ಕೊಡೆ ಕಡ್ಡಿಯೆಂದು ಬಲ್ಲ ನಾನೂ ಎಳೆದುಕೊಂಡೆ. ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಕಣ್ಣು ತುಂಬಿತ್ತು.

ಹಿಂದಿನಿಂದ ಯಾರೋ ಕೂಗಿದರು: "ಸುಮಿತ್ರಕ್ಕ, ಮತ್ತೆ ಕೈ ತಪ್ಪಿ ಗ್ರೂಪಿಗೆ ಹಾಕ್ಬೇಡ ಮಾರಾಯ್ತಿ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. "ಇಲ್ಲಪ್ಪ, ಈ ಸಲ ಫೋನು ಅಣ್ಣನ ಹತ್ರ ಕೊಟ್ಟಿದೀನಿ. ಇನ್ನು ಹೆದರಿಕೆ ಇಲ್ಲ."

ಅವಳ ಫೋನು ನನ್ನ ಜೇಬಿನಲ್ಲಿತ್ತು. ನಾನು ಎದ್ದು ನಿಂತೆ. ಮಾತಾಡಲು ಎದ್ದೆನೆಂದು ತಿಳಿದು ಜನ ಮತ್ತೆ ಚಪ್ಪಾಳೆ ತಟ್ಟಿದರು. ಅದು ನಿಲ್ಲುವವರೆಗೆ ಕಾದೆ.

"ಸುಮಿ, ಅವತ್ತು ನಿನ್ನ ಕೈ ತಪ್ಪಿರಲಿಲ್ಲ. ಕಳಿಸಿದ್ದು ನಾನು. ನೀ ಕೇಳಿದಾಗ ಇಲ್ಲ ಅಂದೆ. ಗಿರಿಜಮ್ಮ, ನಿಮ್ಮ ಕೈ ಮುರಿದಿದ್ದೂ ನನ್ನಿಂದ. ಅವತ್ತು ಇಷ್ಟು ಜನರ ಎದುರು ನಿನ್ನ ಒಬ್ಬಳನ್ನೇ ನಿಲ್ಲಿಸಿಬಿಟ್ಟೆ ಸುಮಿ. ತಪ್ಪಾಯ್ತು."