ಗೇಮಿನ ಗದ್ದಿಗಿ

ಕಳೆದ ವಾರ ಜೇವರ್ಗಿಯ ಗುಜರಿ ಅಂಗಡಿಯಲ್ಲಿ, ಹಳೆ ಮಿಕ್ಸರ್‌ಗಳ ನಡುವೆ ಒಂದು ಚಪ್ಪಟೆ ಕಪ್ಪು ಡಬ್ಬಿ ಕಂಡಿತು. ಎತ್ತಿ ನೋಡಿದೆ. ಮೇಲೆ ಮೂರು ಬೆರಳಿನ ವಿಭೂತಿ ಗೆರೆ, ಅರ್ಧ ಅಳಿಸಿತ್ತು.

"ಡಿವಿಡಿ ಪ್ಲೇಯರ್ ಅದರಿ ಅಕ್ಕಾ, ಕೆಟ್ಟದ," ಎಂದ ಅಂಗಡಿಯವನು. ಅಲ್ಲ. ಆದರೆ ಅವನ ಜೊತೆ ವಾದಿಸಲು ಮನಸ್ಸಾಗಲಿಲ್ಲ...

ನಮ್ಮ ಓಣಿಯ ಕಾಕಾ ಬಸ್ ನಿಲ್ದಾಣದ ಹಿಂದೆ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದರು. ಕ್ಯಾಸೆಟ್ ಹಾಕಿ ಆಡುವ ಹಳೆ ಯಂತ್ರ. ಅದರ ಕೆಳಗೆ, ಸೊಲ್ಲಾಪುರದ ಹಳೆ ಬಜಾರಿನಿಂದ ತಂದ ಈ ಸೀಡಿ ಡಬ್ಬಿ. ಯಂತ್ರ ಅದರ ಮೇಲೆ ಕೂರುತ್ತಿದ್ದುದರಿಂದ ಅವರು ಅದಕ್ಕೆ ಗದ್ದಿಗಿ ಎನ್ನುತ್ತಿದ್ದರು.

"ಗದ್ದಿಗಿ ಅಂದ್ರ ಪೀಠಾನೂ ಹೌದು, ಸಮಾಧಿನೂ ಹೌದ್ರಿ ಕಾಕಾ. ನಿಮ್ಮದು ಯಾವ್ದು?" ಎಂದು ಕೆಣಕುತ್ತಿದ್ದೆ.

"ಚರ್ಚಾ ಸ್ಪರ್ಧೆಯೊಳಗ ಕಪ್ ಗೆದ್ದಾಕಿ ನೀ. ನಿನಗ ಯಾರ್ ಹೇಳ್ಬೇಕು, ವಕೀಲಬಾಯಿ," ಎಂದು ನಗುತ್ತಿದ್ದರು.

ಸಮಾಧಿ ಎನ್ನುವ ನನ್ನ ಪಕ್ಷವೇ ಸರಿಯಿತ್ತು. ಕ್ಯಾಸೆಟ್ಟಿನಲ್ಲಿ ಜಾಗ ಸಾಲದೆಂದು ಕಂಪನಿ ಹಳೆ ಯಂತ್ರಕ್ಕೇ ಸೀಡಿ ಡಬ್ಬಿ ಜೋಡಿಸಿತು. ಬೆಲೆ ದುಬಾರಿ, ಅದಕ್ಕೆಂದೇ ಬಂದ ಒಳ್ಳೆ ಆಟಗಳು ಕಡಿಮೆ, ಕೊಂಡವರೂ ಕಡಿಮೆ. ಅಷ್ಟರಲ್ಲಿ ಸೀಡಿಯನ್ನು ನೇರವಾಗಿ ನುಂಗುವ ಹೊಸ ಯಂತ್ರಗಳು ಬಂದವು. ಹಳೆಯದರ ಆಯುಷ್ಯ ಹೆಚ್ಚಿಸಲು ಬಂದದ್ದೇ ಮೊದಲು ಸತ್ತಿತು.

ಕಾಕಾರ ಮಗಳು ನನಗಿಂತ ತುಸು ದೊಡ್ಡವಳು. ಗದ್ದಿಗಿಯ ಮುಂದೆ ಕೂತು ಒಂದೇ ಆಟ ಆಡುತ್ತಿದ್ದಳು. ನಿಲ್ಲಿಸಿದಲ್ಲಿಂದ ಮರುದಿನ ಮುಂದುವರಿಸುತ್ತಿದ್ದಳು. ಜ್ವರ ಬಂತು, ಕಲಬುರಗಿಗೆ ಒಯ್ದರು... ಆಟ ಅರ್ಧಕ್ಕೇ ನಿಂತಿತು. ಕಾಕಾ ಅಂಗಡಿ ಮುಚ್ಚಿದರು. ಯಂತ್ರ, ಡಬ್ಬಿ ಎರಡೂ ಅಟ್ಟ ಸೇರಿದವು. ಆ ಆಟದ ಸೀಡಿಯನ್ನು ಮಾತ್ರ ಬಿಳಿ ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟರು.

ಎಷ್ಟೋ ವರ್ಷಗಳ ಮೇಲೆ ನನ್ನನ್ನು ಕರೆದರು.

"ಆಕಿ ಎಲ್ಲಿ ನಿಲ್ಲಿಸ್ಯಾಳ, ಅಲ್ಲಿಂದ ಮುಂದ ಆಡಿ ತೋರ್ಸವ್ವಾ. ಸೀಡಿಗೆ ಒಂದ್ ಗೆರಿ ಬೀಳಾಕ ಬಿಟ್ಟಿಲ್ಲ."

ಯಂತ್ರ, ಡಬ್ಬಿ ಎರಡನ್ನೂ ಅಟ್ಟದಿಂದ ಇಳಿಸಿ ಅವರ ಮನೆಯ ಟಿವಿಗೆ ಜೋಡಿಸಿದೆ. ಆಟ ಬಂತು. ಮೊದಲಿನಿಂದ ಬಂತು.

"ಕಾಕಾ, ಸೀಡಿ ಮ್ಯಾಲ ಏನೂ ಬರಿಯಾಕ ಆಗಂಗಿಲ್ರಿ. ಆಕಿ ಆಡಿದ್ದೆಲ್ಲಾ ಗದ್ದಿಗಿಯೊಳಗ ಇತ್ತು. ಅದರಾಗ ಒಂದ್ ಸಣ್ಣ ಸೆಲ್ ಅದ. ಆಗಾಗ ಚಾಲೂ ಮಾಡಿದ್ರ ಅದಕ್ಕ ಜೀವ."

"ಅಟ್ಟದ ಮ್ಯಾಲಿತ್ತಲ್ಲ."

"ಹೌದ್ರಿ."

"ಮತ್ತ ನಾ ಪೂಜಾ ಮಾಡಿದ್ದು?"

"ಬರೇ ಸೀಡಿರಿ."

ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಎಂದು ಅವ್ವ ಇಂದಿಗೂ ಕೇಳುತ್ತಾಳೆ. ಏನೂ ಆಗುತ್ತಿರಲಿಲ್ಲ, ಮೊದಲಿನಿಂದ ಶುರುವಾದ ಆಟ ಅವರ ಕಣ್ಣೆದುರೇ ಇತ್ತು. ಕಾಕಾ ಸೀಡಿಯನ್ನು ನನ್ನ ಕೈಗಿಟ್ಟು, ಡಬ್ಬಿಯನ್ನು ಜಗಲಿಗೆ ಒಯ್ದು ವಿಭೂತಿ ಹಚ್ಚಿದರು. ಅದರೊಳಗೂ ಈಗ ಏನಿಲ್ಲ ಎಂದೆ.

"ಗದ್ದಿಗಿಯೊಳಗ ಯಾರರ ಎದ್ದು ಕುಂತಿರ್ತಾರೇನು, ವಕೀಲಬಾಯಿ?"

ನಗಲಿಲ್ಲ ಅವರು.

ಕಾಕಾ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿದವರಿಗೆ ಅದೊಂದು ಕೆಟ್ಟ ಪ್ಲೇಯರ್. ಈಗ ನನ್ನ ಮೇಜಿನ ಮೇಲಿದೆ, ಪಕ್ಕದಲ್ಲಿ ಗೆರೆ ಬೀಳದ ಸೀಡಿ. ಮೇಲೆ ಕೂರಬೇಕಾದ ಯಂತ್ರವನ್ನು ಗುಜರಿಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ... ಪೀಠ ಎನ್ನುವ ಅರ್ಥ ಇನ್ನು ನಡೆಯುವುದಿಲ್ಲ.