ಮೊಸರು ಮಾಡುವ ಲಾರಿ

ಮದುವೆಗೆ ಒಂದೇ ದಿನ ಉಳಿದಿರುವಾಗ ಮದುಮಗ ಎಲ್ಲಿರಬೇಕು? ಛತ್ರದಲ್ಲಿ ತಾನೆ? ನನ್ನ ತಮ್ಮ ರಂಗನಾಥ ಹೋದ ವಾರ ಮಟಮಟ ಮಧ್ಯಾಹ್ನ ಶಿರಾದ ಹೈವೇ ಪಕ್ಕದಲ್ಲಿ ನಿಂತಿದ್ದ. ಕೆನ್ನೆ ತುಂಬ ಅರಿಸಿನ, ಕೈಯಲ್ಲಿ ಕೆಂಪು ಟವೆಲ್ಲು. ಬಂದ ಬಂದ ಲಾರಿಯ ಮುಖ ನೋಡುವುದು, ಟವೆಲ್ಲು ಕೆಳಗಿಳಿಸುವುದು.

"ಇದ್ಕೂ ಮೂತಿ ಐತೆ ಕಣಕ್ಕ. ಬ್ಯಾಡ ಬುಡು."

ಮದುವೆ ಬೇಡವೆಂದು ಲಾರಿ ಹತ್ತಿ ಓಡಿಹೋಗಲು ನೋಡುತ್ತಿದ್ದಾನೆ ಎಂದುಕೊಂಡಿರಾ? ನಿಮ್ಮದು ತಪ್ಪಲ್ಲ. ಎದುರಿನ ಹೋಟೆಲಿನವರೂ ಹಾಗೇ ಅಂದುಕೊಂಡು, ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು ನಿಂತಿದ್ದರು.

ವಿಷಯ ಅದಲ್ಲ. ವಿಷಯ ಮೊಸರು.

ಲಾರಿಗಳಲ್ಲಿ ಎರಡು ಜಾತಿ. ಮುಂದೆ ಉದ್ದಕ್ಕೆ ಮೂತಿ ಚಾಚಿಕೊಂಡು, ಆ ಮೂತಿಯೊಳಗೆ ಎಂಜಿನ್ ಇಟ್ಟುಕೊಂಡವು ಒಂದು. ಮೂತಿಯೇ ಇಲ್ಲದೆ ಗೋಡೆಯ ಹಾಗೆ ಚಪ್ಪಟೆ ಮುಖದವು ಇನ್ನೊಂದು. ಚಪ್ಪಟೆ ಮುಖದ ಲಾರಿಯಲ್ಲಿ ಎಂಜಿನ್ ಕ್ಯಾಬಿನ್ನಿನ ಒಳಗೇ, ಡ್ರೈವರ್ ಪಕ್ಕದಲ್ಲೇ, ಒಂದು ತಗಡಿನ ಮುಚ್ಚಳದ ಕೆಳಗೆ ಇರುತ್ತದೆ. ಬೇಸಿಗೆಯಲ್ಲಿ ಡ್ರೈವರನ ಎಡಗಾಲು ಬೆಂದುಹೋಗುತ್ತದೆ. ಚಳಿಗಾಲದಲ್ಲಿ ಮಾತ್ರ ಆ ಮುಚ್ಚಳದ ಮೇಲೆ ಕೂರುವುದಕ್ಕೆ ಪೈಪೋಟಿ. (ನಾನೂ ಕೂತವಳೇ. ಆ ಸುಖ ಯಾವ ಸೋಫಾದಲ್ಲೂ ಇಲ್ಲ.)

ನನ್ನ ತವರು ಪಾವಗಡದ ಕಡೆ, ರಾಯಚರ್ಲು. ಕೊಟ್ಟಿದ್ದು ಮಧುಗಿರಿಗೆ. ನಮ್ಮೂರಿನಿಂದ ಕಡಲೆಕಾಯಿ ಮೂಟೆ ಹೇರಿಕೊಂಡು ಮಧುಗಿರಿಗೆ ಬರುತ್ತಿದ್ದದ್ದು ಖಾದರ್ ಸಾಬರ ಲಾರಿ. ಲಾರಿ ಅವರದಲ್ಲ, ಮಾಲೀಕರು ಬೇರೆ. ಆದರೆ ಇಪ್ಪತ್ತು ವರ್ಷದಿಂದ ಅದರ ಸ್ಟೇರಿಂಗು ಹಿಡಿದವರು ಅವರೇ, ಹಾಗಾಗಿ ನಮಗೆಲ್ಲ ಅದು ಖಾದರ್ ಲಾರಿ. ಅದೂ ಚಪ್ಪಟೆ ಮುಖದ್ದು.

ಆ ಲಾರಿಯನ್ನು ನನ್ನ ಅಮ್ಮ ಏನಕ್ಕೆ ಬಳಸಿಕೊಂಡಳು ಗೊತ್ತೆ? ಮೊಸರು ಮಾಡುವುದಕ್ಕೆ!

ಬೆಳಿಗ್ಗೆ ಎಮ್ಮೆ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಒಂದು ತೊಟ್ಟು ಹೆಪ್ಪು ಹಾಕಿ, ಕ್ಯಾನಿನ ಬಾಯಿ ಬಿಗಿದು ಖಾದರ್ ಸಾಬರ ಕೈಗೆ ಕೊಡುತ್ತಿದ್ದಳು. ಎಂಜಿನ್ ಮುಚ್ಚಳದ ಮೇಲೆ ನಮ್ಮ ಮನೆಯ ಕುರಿಯ ಉಣ್ಣೆ ಕಂಬಳಿ, ಮೂರು ಮಡಿಕೆ. ಅದರ ಮೇಲೆ ಕ್ಯಾನು. ಎರಡು ಮಡಿಕೆಯಾದರೆ ಹಾಲು ಒಡೆಯುತ್ತದೆ, ನಾಲ್ಕಾದರೆ ಶಾಖ ಸಾಲದು. ಈ ಲೆಕ್ಕ ಹಿಡಿಯಲು ಅಮ್ಮ ಎಷ್ಟು ಕ್ಯಾನು ಹಾಲು ಹಾಳು ಮಾಡಿದಳೋ, ಕೇಳಿದರೆ ಹೇಳುವುದಿಲ್ಲ.

ಲಾರಿ ಕುಲುಕುವಾಗ ಮೊಸರು ಹೇಗಮ್ಮ ಆಗುತ್ತದೆ ಎಂದು ಓದುಗರಲ್ಲಿ ಯಾರಾದರೂ ಜಾಣರು ಕೇಳಬಹುದು. ಓಡುವಾಗ ಅಲ್ಲ ಸ್ವಾಮಿ, ನಿಂತ ಮೇಲೆ. ಮಧುಗಿರಿ ಮಂಡಿಯಲ್ಲಿ ಮೂಟೆ ಇಳಿಯುವಷ್ಟು ಹೊತ್ತು ಎಂಜಿನ್ ಕಾವು ಹಾಗೇ ಇರುತ್ತದೆ. ನಾನು ಸಂಜೆ ಮಂಡಿಗೆ ಹೋಗುವಷ್ಟರಲ್ಲಿ ಗಟ್ಟಿ ಮೊಸರು ರೆಡಿ. ಮೇಲೆ ಬೆರಳಿನಷ್ಟು ದಪ್ಪ ಕೆನೆ!

ಈಗ ರಂಗನಾಥನ ಮದುವೆಗೆ ಬನ್ನಿ. ಹೆಣ್ಣು ಶಿರಾದ್ದು. ಲಗ್ನ ಕಟ್ಟಿಸಿದ ದಿನವೇ ಅಮ್ಮ ಎದ್ದು ನಿಂತು ಹೇಳಿಬಿಟ್ಟಿದ್ದಳು. "ವರಪೂಜೆ ಊಟಕ್ಕೆ ಮೊಸರು ನಮ್ದು. ನೀವು ಒಂದು ಹನಿ ಹೆಪ್ಪು ಹಾಕಂಗಿಲ್ಲ."

ಬೀಗರ ಮುಂದೆ ಆಡಿದ ಮಾತು. ಅದು ತಪ್ಪಿದರೆ ಅಮ್ಮ ಜೀವಮಾನವಿಡೀ ಶಿರಾ ಕಡೆ ತಲೆ ಹಾಕುವವಳಲ್ಲ. ಸೊಸೆಯ ಮುಂದೆಯೂ ತಲೆ ಎತ್ತುವವಳಲ್ಲ.

ದಿಬ್ಬಣಕ್ಕೆ ಖಾದರ್ ಲಾರಿಯೇ ಗೊತ್ತಾಯಿತು. ಬೆಳಗ್ಗೆ ಹಾರ್ನ್ ಕೇಳಿ ಎಲ್ಲರೂ ಹೊರಗೆ ಬಂದರೆ, ನಿಂತಿದ್ದು ಹೊಚ್ಚ ಹೊಸ ಲಾರಿ. ಮುಂದೆ ಮೂರಡಿ ಮೂತಿ, ಆ ಮೂತಿಗೆ ಚೆಂಡುಹೂವಿನ ಹಾರ. ಮಾಲೀಕರು ಹಳೆಯದನ್ನು ಮಾರಿಬಿಟ್ಟಿದ್ದರು. ನಮ್ಮ ಕಡೆ ಈಗ ಎಲ್ಲರದ್ದೂ ಇದೇ ಹುಚ್ಚು. ಒಬ್ಬರನ್ನು ನೋಡಿ ಒಬ್ಬರು ಮೂತಿ ಲಾರಿಗೆ ಹಾರುತ್ತಿದ್ದಾರೆ. ರಿಪೇರಿ ಸುಲಭವಂತೆ. ಕಾಲಿಗೆ ತಂಪಂತೆ. ಎದುರಿಗೆ ಗುದ್ದಿದರೆ ಮೊದಲ ಪೆಟ್ಟು ಮೂತಿಗಂತೆ!

ಅಮ್ಮ ಕಂಬಳಿ ಹಿಡಿದು ಕ್ಯಾಬಿನ್ ಹತ್ತಿದಳು. ಸುತ್ತ ನೋಡಿದಳು.

"ಇದೇಮಿ ಲಾರಿ ರಾ ಖಾದರೂ, ಎಂಜಿನ್ ಎಲ್ಲಿ?"

"ಮೂತಿ ಒಳಗೈತೆ ಅಕ್ಕ. ಈಗ ಒಳಗೆ ಒಂಚೂರೂ ಬಿಸಿ ಇಲ್ಲ. ಆರಾಮ್!" ಖಾದರ್ ಸಾಬರಿಗೆ ಹೆಮ್ಮೆಯೋ ಹೆಮ್ಮೆ.

ಅಮ್ಮನಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕ್ಯಾಬಿನ್ ಅಂದ ಮೇಲೆ ಕ್ಯಾಬಿನ್ ತಾನೆ ಎಂದು ಕಂಬಳಿ ಮೂರು ಮಡಿಕೆ ಹಾಸಿ ನಾಲ್ಕು ಕ್ಯಾನು ಸಾಲಾಗಿ ಇಟ್ಟಳು. ಹೆಪ್ಪು ಹಾಕಿದ್ದೂ ಹಳೇ ಲಾರಿಯ ಶಾಖದ ಅಳತೆಗೇ, ಕ್ಯಾನಿಗೆ ಒಂದೇ ತೊಟ್ಟು.

ಹನ್ನೊಂದು ಗಂಟೆಗೆ ಶಿರಾ ಮುಟ್ಟಿದೆವು. ವಾಲಗ, ಪಾನಕ, ಕಾಲಿಗೆ ನೀರು, ಎಲ್ಲ ಆಯಿತು. ಮಧ್ಯಾಹ್ನ ಅಮ್ಮ ಮೆಲ್ಲಗೆ ಹೋಗಿ ಒಂದು ಕ್ಯಾನಿನ ಮುಚ್ಚಳ ತೆಗೆದಳು. ಹಾಲು ಹಾಲಾಗಿಯೇ ಇತ್ತು. ತಣ್ಣಗೆ, ತೆಳ್ಳಗೆ!

"ಮಾನ ಹೋಯ್ತಲ್ಲೇ," ಎಂದು ಅಮ್ಮ ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನನ್ನ ಅಮ್ಮ ಕಣ್ಣಲ್ಲಿ ನೀರು ಹಾಕಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಬಿಸಿಲಿಗೆ ಇಡೋಣವೆಂದರೆ ಅವತ್ತೇ ಮೋಡ ಕವಿದು, ಮಾಘದ ಗಾಳಿ ಬೀಸುತ್ತಿತ್ತು. ಛತ್ರದ ಒಲೆ ಪಕ್ಕ ಇಡೋಣವೆಂದರೆ ಅಡುಗೆಮನೆ ಬೀಗರ ಕೈಯಲ್ಲಿ, ಗುಟ್ಟು ರಟ್ಟಾಗುತ್ತದೆ. ಹೊಸ ಲಾರಿಯ ಮೂತಿಯೊಳಗೇ ತುರುಕೋಣ ಅಂದರು ಖಾದರ್ ಸಾಬರು. ಗ್ರೀಸು, ಡೀಸೆಲ್ಲು ಎಂದು ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಆಗ ಖಾದರ್ ಸಾಬರೇ ಹೇಳಿದರು. "ಪಕ್ಕದಲ್ಲೇ ಹೈವೇ ಐತಲ್ಲ ಅಕ್ಕ! ಬೊಂಬಾಯಿಂದ ಬೆಂಗ್ಳೂರಿಗೆ ಹೋಗೋ ಲಾರಿ ಎಲ್ಲಾ ಇಲ್ಲೇ ಬರ್ತವೆ. ಒಂದು ಚಪ್ಟೆ ಮುಖದ್ದು ಸಿಗಲ್ವಾ?"

ಹಾಗೆ ನಾವು ಹೈವೇಗೆ ಬಂದೆವು. ಅಮ್ಮ, ನಾನು, ಖಾದರ್ ಸಾಬರು, ಹಟ ಹಿಡಿದು ಹಿಂದೆ ಬಂದ ಮದುಮಗ. "ನಮ್ಮವ್ವನ ಮಾತು ನಿಲ್ದಿದ್ರೆ ನಾನ್ ಹಸೆಮಣೆ ಮ್ಯಾಲೆ ಹೆಂಗ್ ಕೂರ್ಲಿ?" ಅಂದ. ಇಷ್ಟು ವರ್ಷ ಅವನನ್ನು ಬೈದಿದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು.

ಲಾರಿಗಳು ಬಂದವು. ಮೂತಿ. ಮೂತಿ. ಮತ್ತೆ ಮೂತಿ. ಹತ್ತು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಎಷ್ಟೊಂದು ಚಪ್ಪಟೆ ಮುಖಗಳಿದ್ದವು! ಎಲ್ಲಿ ಹೋದವು? ಯಾವಾಗ ಹೋದವು? ಬೇಕೆಂದು ಹುಡುಕುವ ತನಕ ಇಲ್ಲವೆಂದು ಗೊತ್ತೇ ಆಗಿರಲಿಲ್ಲ ನೋಡಿ. ಒಂದು ಗಂಟೆ ನಿಂತೆವು. ಅಮ್ಮ ನಮಗೆ ಕೇಳಿಸುವಷ್ಟು ಗಟ್ಟಿಯಾಗಿ ಮನೆದೇವರಿಗೆ ಹರಕೆ ಹೊತ್ತಳು.

ಆಗ ಬಂತು ಒಂದು. ಹಸಿರು ಬಣ್ಣ ಮಾಸಿದ, ಗೋಡೆಯಂಥ ಮುಖದ, ಈರುಳ್ಳಿ ತುಂಬಿದ ಲಾರಿ. ರಂಗನಾಥ ಟವೆಲ್ಲು ಬೀಸಿದ್ದೇ ಬೀಸಿದ್ದು. ಡ್ರೈವರ್ ಗಾಬರಿಯಿಂದ ಬ್ರೇಕ್ ಹಾಕಿದ. ಅರಿಸಿನ ಬಳಿದುಕೊಂಡ ಗಂಡಸು ನಡುರಸ್ತೆಗೆ ಬಂದು ಕುಣಿದರೆ ಯಾರು ತಾನೆ ನಿಲ್ಲಿಸುವುದಿಲ್ಲ?

"ಏನ್ರೀ, ಲಿಫ್ಟ್ ಬೇಕಾ?"

"ಲಿಫ್ಟ್ ಬ್ಯಾಡ ಭಾಯ್. ನಿಮ್ ಎಂಜಿನ್ ಕಾವು ಬೇಕು," ಅಂದರು ಖಾದರ್ ಸಾಬರು.

ಡ್ರೈವರ್ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಹುಬ್ಬಳ್ಳಿ ಕಡೆಯವನು. ಖಾದರ್ ಸಾಬರು ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ ಕಥೆಯನ್ನೆಲ್ಲ ಹೇಳಿದರು. ಕೇಳಿ ಅವನು ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ. "ಡೀಸೆಲ್ ಕೇಳ್ಯಾರ, ಸ್ಟೆಪ್ನಿ ಕೇಳ್ಯಾರ. ಕಾವು ಕೇಳಿದವ್ರು ನೀವ ಮೊದಲ್ರೀ! ಇಡ್ರಿ ಇಡ್ರಿ. ಹೆಂಗೂ ಊಟ ಮಾಡಿ ಐದು ಗಂಟೆ ಮಟಾ ಮಲಗಾಂವ ನಾನು."

ಲಾರಿ ಛತ್ರದ ಹಿಂದಿನ ಬೇವಿನ ಮರದ ಕೆಳಗೆ ನಿಂತಿತು. ಅಮ್ಮ ತಾನೇ ಹತ್ತಿ ಮುಚ್ಚಳದ ಮೇಲೆ ಅಂಗೈ ಇಟ್ಟು ನೋಡಿದಳು. ಆಹಾ, ಆ ಮುಖ ಅರಳಿದ್ದು! ಕಂಬಳಿ ಹಾಸಿ, ಕ್ಯಾನು ಇಟ್ಟು, ಪ್ರತಿಯೊಂದಕ್ಕೂ ಇನ್ನೊಂದು ತೊಟ್ಟು ಹೆಪ್ಪು ಬಿಟ್ಟು ಇಳಿದಳು. ಡ್ರೈವರನಿಗೆ ನಾನೇ ಎಲೆ ಹಾಕಿ ಬಡಿಸಿದೆ. ಅವನು ಸೀಟಿನ ಮೇಲೆ ಕಾಲು ಮಡಚಿ ಮಲಗಿದ, ಪಕ್ಕದಲ್ಲಿ ನಮ್ಮ ಮಾನ ಸದ್ದಿಲ್ಲದೆ ಗಟ್ಟಿಯಾಗುತ್ತಿತ್ತು.

ಐದು ಗಂಟೆಗೆ ಅಮ್ಮ ಚಮಚ ಹಾಕಿ ನೋಡಿದಳು. ಚಮಚ ನೆಟ್ಟಗೆ ನಿಂತಿತು! ರಂಗನಾಥ ಅವಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಖಾದರ್ ಸಾಬರು ಎರಡೂ ಲಾರಿಗಳ ಹಾರ್ನ್ ಹೊಡೆದರು.

ವರಪೂಜೆ ಊಟದಲ್ಲಿ ನಮ್ಮ ಮೊಸರಿನದೇ ಮಾತು. ನಮ್ಮ ಬೀಗಿತ್ತಿ, ಅಂದರೆ ಹೆಣ್ಣಿನ ತಾಯಿ, ಪಂಕ್ತಿಯ ನಡುವೆ ನಿಂತು "ರಾಯಚರ್ಲು ಮೊಸರು ಅಂದ್ರೆ ಸುಮ್ನೇನಾ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಮ್ಮ ಬೀಗಿದ್ದು ನೋಡಬೇಕಿತ್ತು!

ಊಟ ಮುಗಿದ ಮೇಲೆ ಎಲೆ ಅಡಿಕೆ ತಟ್ಟೆ ತರಲು ನಾನು ಉಗ್ರಾಣಕ್ಕೆ ಹೋದೆ. ಮೂಲೆಯಲ್ಲಿ ಬಾಳೆ ಎಲೆ ಮುಚ್ಚಿದ ಎರಡು ದೊಡ್ಡ ಹಂಡೆ. ಕುತೂಹಲಕ್ಕೆ ಎಲೆ ಸರಿಸಿದೆ. ಬಾಯಿಮಟ್ಟ ಮೊಸರು. ಹಿಂದಿನ ದಿನವೇ ಹೆಪ್ಪು ಹಾಕಿಟ್ಟಿದ್ದು.

ಹಿಂದೆ ಬೀಗಿತ್ತಿ ನಿಂತಿದ್ದರು.

"ನಿಮ್ ತಾಯಿಗೆ ಹೇಳ್ಬೇಡ ಕಣವ್ವಾ," ಅಂದರು. "ದೂರದಿಂದ ಬರೋದು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ ಹಾಕ್ಸಿದ್ದೆ. ಮಧ್ಯಾಹ್ನ ಮಾಳಿಗೆ ಮ್ಯಾಲಿಂದ ನೋಡುದ್ನಲ್ಲ, ಮದುಮಗ ಟವಲ್ ಬೀಸೋದು, ನಿಮ್ಮವ್ವ ಆ ಲಾರಿ ಒಳಗೆ ಹಾಲಿನ ಕ್ಯಾನ್ ಇಡೋದು. ಅದ್ನ ನೋಡ್ಬುಟ್ಟು ಇದ್ನ ಹೆಂಗೆ ಹೊರಕ್ಕೆ ತೆಗೀಲಿ? ಎಲೆ ಮುಚ್ಚಿ ಅಂತ ಅಡುಗೆ ಭಟ್ರಿಗೆ ಹೇಳ್ದೆ."

ನಾನು ಅಮ್ಮನಿಗೆ ಇನ್ನೂ ಹೇಳಿಲ್ಲ. (ಅವಳಿಗೆ ಓದಲು ಬರುವುದಿಲ್ಲ. ಈ ಪೇಪರ್ ಓದಿ ಹೇಳುವ ರಂಗನಾಥನೇ, ಈ ಭಾಗ ಹಾರಿಸಿಬಿಡಪ್ಪ.)

ಮಾಲೀಕರು ಬೇಕಾದರೆ ಲಾರಿಗೆ ಆನೆಯ ಸೊಂಡಿಲನ್ನೇ ಕೂರಿಸಿಕೊಳ್ಳಲಿ, ನನಗೇನು? ಇಂಥ ಬೀಗಿತ್ತಿ ಯಾವ ಶೋರೂಮಿನಲ್ಲಿ ಸಿಗುತ್ತಾರೆ, ಹೇಳಿ!