ಸಿಂಗಪುರದ ಕ್ಯಾಮೆರಾ, ಅತ್ತಿಗೆಯ ಪೆನ್ಸಿಲ್ಲು

ಗುಬ್ಬಿ ಸುತ್ತಮುತ್ತ ಒಂದು ಕಾಲಕ್ಕೆ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಜನ ನಮ್ಮ ಅತ್ತಿಗೆ ಸರಸ್ವತಮ್ಮನ ಋಣದಲ್ಲಿದ್ದಾರೆ ಅಂತ ನಾನು ಹೇಳಿದರೆ ನೀವು ನಗಬಹುದು. ನಗಿ. ನಮ್ಮಣ್ಣ ಸುಬ್ಬಕೃಷ್ಣನೂ ನಗುತ್ತಿದ್ದ. ಬಸ್ ಸ್ಟ್ಯಾಂಡ್ ರಸ್ತೆಯ ಸ್ಟುಡಿಯೋ ಬೋರ್ಡಿನ ಮೇಲೆ ಇದ್ದದ್ದು ಅವನ ಹೆಸರು, ಕ್ಯಾಮೆರಾದ ಕರೀಬಟ್ಟೆಯೊಳಗೆ ತಲೆ ತೂರಿಸುತ್ತಿದ್ದವನೂ ಅವನೇ. ಆದರೆ ಮಗಳ ಫೋಟೋ ತೆಗೆಸಲು ಬಂದ ಅಪ್ಪಂದಿರು ದುಡ್ಡು ಕೊಡುವ ಮೊದಲು ಒಳಬಾಗಿಲ ಕಡೆ ನೋಡಿ, ಅಮ್ಮನೋರೇ ಟಚಿಂಗ್ ಮಾಡ್ತಾರೆ ತಾನೆ ಅಂತ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಟಚಿಂಗ್ ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕಾದೀತು. ಆಗಿನ ಸ್ಟ್ಯಾಂಡ್ ಕ್ಯಾಮೆರಾದ ನೆಗೆಟಿವ್ ಅಂಗೈಯಗಲ ಇರುತ್ತಿತ್ತು. ಅದರಲ್ಲಿ ಎಲ್ಲ ಉಲ್ಟಾ, ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ತಿಳಿಯಾದ ಚುಕ್ಕೆ. ಆ ಚುಕ್ಕೆಯನ್ನು ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಿಂದ ನಯವಾಗಿ ಮುಚ್ಚಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಅತ್ತಿಗೆ ಊಟದ ಮನೆಯ ಕಿಟಕಿ ಪಕ್ಕ ಇಳಿಜಾರಿನ ಮೇಜಿಟ್ಟುಕೊಂಡು, ಕೆಳಗೆ ಕನ್ನಡಿಯಿಂದ ಬೆಳಕು ಹಾಯಿಸಿಕೊಂಡು, ಈ ಕೆಲಸ ಮಾಡುತ್ತಿದ್ದರು. ಹೊಸದಾಗಿ ಮನೆಗೆ ಬಂದಾಗ ಅವರು ಹರಿದ ಪಂಚೆಯೊಂದಕ್ಕೆ ರಫು ಹಾಕಿದ್ದನ್ನು ನೋಡಿ ನಮ್ಮಪ್ಪ, ಸ್ಟುಡಿಯೋದ ಮೊದಲ ಯಜಮಾನರು, ಹರಿದದ್ದೆಲ್ಲಿ ಅಂತ ಹುಡುಕಿ ಸೋತು, ಮಾರನೇ ದಿನವೇ ಸೊಸೆಯ ಕೈಗೆ ಪೆನ್ಸಿಲ್ ಕೊಟ್ಟರಂತೆ. ಸಿಡುಬಿನ ಗುಳಿ, ಸುಟ್ಟ ಗಾಯ, ಕಣ್ಣಿನ ಕೆಳಗಿನ ಕಪ್ಪು, ಎಲ್ಲ ಆ ಕಿಟಕಿಯಲ್ಲಿ ಹೋಗುತ್ತಿತ್ತು. ಗುಬ್ಬಿಯಲ್ಲೇ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದ ನಾನು ಮದುವೆಯ ತಂಟೆಗೆ ಹೋಗದೆ ಅಣ್ಣನ ಮನೆಯಲ್ಲೇ ಇದ್ದೆ. ಹಾಗಾಗಿ ನನ್ನ ಮುಖ ತಿದ್ದುವ ಭಾಗ್ಯ ಮಾತ್ರ ಅವರಿಗೆ ಸಿಗಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಅಣ್ಣನ ವ್ಯಾಪಾರ ಇಳಿಯಿತು. ಮದುವೆ ಮನೆಗಳಲ್ಲಿ ಜನಕ್ಕೆ ಒಂದು ಗ್ರೂಪ್ ಫೋಟೋ ಸಾಲದಾಯಿತು. ಧಾರೆ, ಲಾಜಹೋಮ, ಊಟದ ಪಂಕ್ತಿ, ಎಲ್ಲ ಬೇಕು. ತುಮಕೂರಿನಿಂದ ಕೈಯಲ್ಲಿ ಹಿಡಿಯುವ ಕ್ಯಾಮೆರಾದವರು ಬಂದು ಮಂಟಪದ ಸುತ್ತ ಓಡಾಡುತ್ತಿದ್ದರೆ, ನಮ್ಮಣ್ಣ ಮೂರು ಕಾಲಿನ ಸ್ಟ್ಯಾಂಡ್ ಹೊತ್ತುಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದ. ಅಂಥ ಜಪಾನಿ ಕ್ಯಾಮೆರಾ ಇಲ್ಲಿ ಕೊಳ್ಳೋಣವೆಂದರೆ ಸುಂಕವೆಲ್ಲ ಸೇರಿ ತೆಂಗಿನ ತೋಟದ ಬೆಲೆ. ಸಿಂಗಪುರದಲ್ಲಾದರೆ ಅದರ ಮೂರನೇ ಒಂದು ಭಾಗಕ್ಕೆ ಸಿಗುತ್ತದೆ ಅಂತ ಯಾರೋ ಹೇಳಿದ್ದೇ ತಡ, ಅಣ್ಣನಿಗೆ ಊಟ ಸೇರದಾಯಿತು.

ಸಿಂಗಪುರದಲ್ಲಿ ಅತ್ತಿಗೆಯ ತಮ್ಮ ಜಯರಾಮ ಇದ್ದ, ಹಡಗಿನ ಕಂಪನಿಯೊಂದರಲ್ಲಿ ಗುಮಾಸ್ತ. ಪ್ರತಿ ಗೌರಿ ಹಬ್ಬಕ್ಕೆ ತವರಿನ ಅರಿಶಿನ ಕುಂಕುಮಕ್ಕೆಂದು ತಪ್ಪದೆ ದುಡ್ಡು ಕಳಿಸುತ್ತಿದ್ದ. ಆ ವರ್ಷ ತಾನೇ ಬರುವವನಿದ್ದ, ನಿನಗೆ ಏನು ಬೇಕು ಕೇಳು ಅಂತ ಅಕ್ಕನಿಗೆ ಬರೆದಿದ್ದ. ತವರಿನಿಂದ ಹೆಣ್ಣುಮಕ್ಕಳು ಸೀರೆ ಕೇಳುತ್ತಾರೆ, ಬಳೆ ಕೇಳುತ್ತಾರೆ. ನಮ್ಮತ್ತಿಗೆ ಗಂಡನಿಗೆ ಕ್ಯಾಮೆರಾ ಕೇಳಿದರು. ಅದನ್ನು ತಾವಾಗಿ ಕೇಳಿದವರು ಅವರೇ ಅನ್ನುವುದನ್ನು ನಾನು ಇಲ್ಲಿ ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಅವರು ಯಾರನ್ನೂ ದೂರುವಂತಿರಲಿಲ್ಲ.

ಜಯರಾಮ ಬುದ್ಧಿವಂತ. ಹೊಸ ಸಾಮಾನು ತಂದರೆ ಮದರಾಸಿನಲ್ಲಿ ಕಸ್ಟಮ್ಸಿನವರು ಸುಂಕ ಹಾಕುತ್ತಾರೆ, ಸ್ವಂತಕ್ಕೆ ಬಳಸಿದ್ದಾದರೆ ಅಷ್ಟು ತಕರಾರಿಲ್ಲ ಅಂತ ಸ್ನೇಹಿತರು ಹೇಳಿಕೊಟ್ಟಿದ್ದರು. ಅವನು ಡಬ್ಬ, ಬಿಲ್ಲು, ಗ್ಯಾರಂಟಿ ಕಾರ್ಡು, ಹೇಗೆ ಬಳಸಬೇಕು ಅನ್ನುವ ಪುಸ್ತಕ, ಎಲ್ಲವನ್ನೂ ಅಲ್ಲೇ ಎಸೆದು ಬಂದಿದ್ದ. ಚರ್ಮದ ಚೀಲವನ್ನು ಎಣ್ಣೆಗೈಯಲ್ಲಿ ತಿಕ್ಕಿ ಹಳೆಯದು ಮಾಡಿದ್ದ. ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು, ಪಕ್ಕದ ಸೀಟಿನವರ ಫೋಟೋ ತೆಗೆಯುತ್ತಲೇ ವಿಮಾನ ಇಳಿದನಂತೆ. ಅಣ್ಣನ ಕೈಗೆ ಬರುವ ಮೊದಲೇ ಆ ಕ್ಯಾಮೆರಾಕ್ಕೆ ಹತ್ತು ವರ್ಷ ವಯಸ್ಸಾಗಿತ್ತು.

ಪುಸ್ತಕವಿಲ್ಲದ್ದರ ಫಲ ಬೇಗ ಗೊತ್ತಾಯಿತು. ಫ್ಲ್ಯಾಶ್ ಹಾಕುವಾಗ ಯಾವ ನಂಬರಿಗೆ ಇಡಬೇಕು ಅಂತ ತಿಳಿಯದೆ ಅಣ್ಣ ಒಂದು ನಾಮಕರಣಕ್ಕೆ ಹೋಗಿ ಬಂದ. ಪ್ರತಿ ಫೋಟೋನೂ ಅರ್ಧ ಕಪ್ಪು. ತೊಟ್ಟಿಲಿದೆ, ತಾಯಿ ಇಲ್ಲ. ಸೋದರತ್ತೆಯ ಕೈ ಇದೆ, ಸೋದರತ್ತೆ ಇಲ್ಲ. ಆ ಮನೆಯವರು ಅಣ್ಣನಿಗೆ ಮಂಗಳಾರತಿ ಮಾಡಿ ಕಳಿಸಿದರು. ಆದರೂ ಅವನು ಹಟ ಬಿಡಲಿಲ್ಲ. ರೋಲುಗಟ್ಟಲೆ ಹಾಳು ಮಾಡಿ ಕಲಿತ. ವರ್ಷ ತಿರುಗುವಷ್ಟರಲ್ಲಿ ಕುಣಿಗಲ್ಲು, ತುಮಕೂರಿನ ಮದುವೆಗಳಿಗೂ ಅವನಿಗೆ ಕರೆ ಬರತೊಡಗಿತು.

ಇನ್ನು ಅತ್ತಿಗೆಯ ವಿಷಯ. ಮೊದಲ ಸಲ ಹೊಸ ಕ್ಯಾಮೆರಾದಲ್ಲಿ ಒಬ್ಬ ಹುಡುಗಿಯ ಫೋಟೋ ತೆಗೆದು, ತೊಳೆದ ಫಿಲ್ಮನ್ನು ಅಣ್ಣ ಮೇಜಿನ ಮೇಲಿಟ್ಟ. ಅತ್ತಿಗೆ ಭೂತಗನ್ನಡಿ ಹಿಡಿದು ಬಗ್ಗಿದರು. ಮುಖ ಅನ್ನುವುದು ಉದ್ದಿನ ಕಾಳಿನಷ್ಟಿತ್ತು. ಪೆನ್ಸಿಲ್ಲಿನ ಮೊನೆ ಇಟ್ಟರೆ ಇಡೀ ಕಣ್ಣೇ ಮುಚ್ಚಿಹೋಗುತ್ತಿತ್ತು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಪ್ರಿಂಟಿನ ಮೇಲೆ ಬಣ್ಣದ ಕುಂಚ ಆಡಿಸಿ ನೋಡಿದರು, ಗೋಡೆಗೆ ತೇಪೆ ಹಾಕಿದಂತೆ ಕಂಡಿತು. ಅಣ್ಣ ಅಕ್ಕರೆಯಿಂದಲೇ, ಇನ್ನು ನೀನು ಕಣ್ಣು ನೋಯಿಸಿಕೊಳ್ಳುವುದು ಬೇಡ, ಆರಾಮಾಗಿರು ಅಂದ. ಅವನಿಗೆ ಅದು ಒಳ್ಳೆಯ ಮಾತು. ಅತ್ತಿಗೆಗೆ ಅದು ಕೆಲಸದಿಂದ ತೆಗೆದು ಹಾಕಿದ ಮಾತು. ಸ್ಟ್ಯಾಂಡ್ ಕ್ಯಾಮೆರಾ ಅಟ್ಟ ಸೇರಿತು.

ಜನ ಒಳಬಾಗಿಲ ಕಡೆ ನೋಡುವುದನ್ನು ನಿಲ್ಲಿಸಿದರು. ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಇಡತೊಡಗಿದರು. ಒಂದು ಮಧ್ಯಾಹ್ನ ನಾನು ಸ್ಕೂಲಿನಿಂದ ಬಂದಾಗ ಖಾಲಿ ಮೇಜಿನ ಮುಂದೆ ಕೂತು ಪೆನ್ಸಿಲ್ ಮಸೆಯುತ್ತಿದ್ದರು. ನಾನು ನೆಟ್ಟಗೆ ಸ್ಟುಡಿಯೋಗೆ ಹೋದೆ. ಕ್ಯಾಮೆರಾ ತರಿಸಿ ದುಡ್ಡು ಉಳಿಸಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತೀಯಲ್ಲ, ಮನೆಯಲ್ಲಿ ಏನು ಕಳೆದಿದೆ ಅಂತ ನೋಡಿದೆಯಾ ಅಂತ ಅಣ್ಣನನ್ನು ಕೇಳಿದೆ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ ಪಾಪ.

ಹೀಗಿರುವಾಗ ಕಡಬದಿಂದ ರಾಮಾಂಜಿನಯ್ಯ ಮಗಳು ಚೆನ್ನಮ್ಮನನ್ನು ಕರೆದುಕೊಂಡು ಬಂದ. ಕೆರೆ ಹಿಂದೆ ತೆಂಗಿನ ತೋಟ ಇದ್ದ ಅನುಕೂಲಸ್ಥ. ಹುಡುಗಿಗೆ ಚಿಕ್ಕಂದಿನಲ್ಲಿ ಸಿಡುಬಾಗಿ ಎರಡು ಕೆನ್ನೆಯೂ ಗುಳಿಗುಳಿ. ಹಿಂದೆ ಎರಡು ಸಲ ನಮ್ಮಲ್ಲೇ ಫೋಟೋ ತೆಗೆಸಿ, ಅತ್ತಿಗೆ ತಿದ್ದಿಕೊಟ್ಟು, ಅದನ್ನು ನೋಡಿ ಎರಡು ಗಂಡಿನ ಕಡೆಯವರು ಬಂದು ಹೋಗಿದ್ದರು. ಈ ಸಲ ಅಣ್ಣ ಹೊಸ ಕ್ಯಾಮೆರಾದಲ್ಲಿ ತೆಗೆದ. ಪ್ರಿಂಟ್ ಒಯ್ಯಲು ಬಂದ ರಾಮಾಂಜಿನಯ್ಯ ಅದನ್ನು ನೋಡಿ ಬೆಂಚಿನ ಮೇಲೆ ಕೂತುಬಿಟ್ಟ. ಒಂದೊಂದು ಗುಳಿಯೂ ಎಣಿಸುವ ಹಾಗಿತ್ತು. ಇದು ಜಪಾನಿನ ಲೆನ್ಸು, ಇದ್ದದ್ದು ಇದ್ದ ಹಾಗೆ ಬರುತ್ತದೆ ಅಂತ ಅಣ್ಣ ಹೆಮ್ಮೆಯಿಂದ ಶುರುಮಾಡಿದ. ಜಪಾನಿನವರಿಗೆ ನನ್ನ ಮಗಳ ಮೇಲೆ ಯಾಕೆ ಸ್ವಾಮಿ ಹಗೆ ಅಂತ ರಾಮಾಂಜಿನಯ್ಯ ಕೇಳಿದ. ಹಳೇ ಕ್ಯಾಮೆರಾ ಇಳಿಸಿ, ಅಮ್ಮನೋರ ಕೈಯಲ್ಲೇ ಆಗಬೇಕು, ಎಷ್ಟಾದರೂ ಆಗಲಿ ಅಂದ.

ಒಳಗಿನಿಂದ ಅತ್ತಿಗೆ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಹಾಗೆ ಅರಳಿದ್ದನ್ನು ನಾನು ವರ್ಷದಿಂದ ನೋಡಿರಲಿಲ್ಲ.

ದಸರಾ ರಜೆ, ನಾನು ಮನೆಯಲ್ಲೇ ಇದ್ದೆ. ಅಪ್ಪ ಮಗಳು ಬೆಳಗಿನ ಬಸ್ಸಿಗೇ ಬಂದರು. ಅಟ್ಟದಿಂದ ಸ್ಟ್ಯಾಂಡ್ ಕ್ಯಾಮೆರಾ ಇಳಿಯಿತು. ಫೋಟೋ ತೆಗೆದು, ತೊಳೆದು, ನೆಗೆಟಿವ್ ಒಣಗುವಷ್ಟರಲ್ಲಿ ಊಟದ ಹೊತ್ತಾಯಿತು. ರಾಮಾಂಜಿನಯ್ಯ ಕಾಯಿ ಮಂಡಿಯಲ್ಲಿ ಕೆಲಸವಿದೆ ಅಂತ ಹೋದ. ಚೆನ್ನಮ್ಮ ಅತ್ತಿಗೆಯ ಮೇಜಿನ ಪಕ್ಕ ನೆಲದ ಮೇಲೆ ಕೂತಳು. ಅತ್ತಿಗೆ ಪೆನ್ಸಿಲ್ ಹಿಡಿದರು. ವರ್ಷ ಬಿಟ್ಟಿದ್ದರೂ ಕೈ ಮರೆತಿರಲಿಲ್ಲ. ಎಡಗೆನ್ನೆ ಮುಗಿಯಿತು, ಒಂದು ಗುಳಿಯೂ ಉಳಿದಿರಲಿಲ್ಲ. ನೋಡಮ್ಮ ಅಂತ ಹುಡುಗಿಯನ್ನು ಕರೆದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು, ಮಕ್ಕಳು ಸ್ಲೇಟು ತೋರಿಸುವ ಹಾಗೆ.

ಚೆನ್ನಮ್ಮ ನೋಡಿದಳು. ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಹೇಳುವ ಹಾಗೆ ಮಾತಾಡಿದಳು.

"ಅಮ್ಮಾರೆ, ಹೋದ್ಸಲ ಕುಣಿಗಲ್ ಕಡೆಯೋರು ಬಂದಿದ್ರಲ್ಲ, ಗಂಡಿನವ್ವ ನೀವ್ ಮಾಡಿದ್ ಫೋಟೋನ ನನ್ ಕೆನ್ನೆ ಪಕ್ಕ ಹಿಡ್ದು ನೋಡಿದ್ರು. ಇವ್ಳು ನಿನ್ ತಂಗಿನಾ, ಒಳಗಿದ್ರೆ ಅವ್ಳನ್ನೇ ಕರಿ ಅಂದ್ರು. ನಾನೂ ಒಂದ್ ಗಳಿಗೆ ಒಳಕ್ಕೆ ತಿರುಗಿ ನೋಡ್ಬುಟ್ಟೆ."

ಅತ್ತಿಗೆ ನೆಗೆಟಿವ್ ಇಳಿಸಿ ಮೇಜಿನ ಮೇಲಿಟ್ಟರು. ನಾನು ಸೊಪ್ಪು ಬಿಡಿಸುತ್ತಿದ್ದವಳು ಅಲ್ಲೇ ಬಿಟ್ಟೆ. ಹುಡುಗಿ ಅತ್ತಿದ್ದರಾದರೂ ಸಮಾಧಾನ ಹೇಳಬಹುದಿತ್ತು. ಅವಳು ಅಳಲೂ ಇಲ್ಲ, ದೂರಲೂ ಇಲ್ಲ. ಅತ್ತಿಗೆ ಕೊನೆಗೆ, ಇನ್ನೊಂದು ಕೆನ್ನೆ ಹಾಗೇ ಇದೆ, ಏನು ಮಾಡಲಿ ಹೇಳು ಅಂತ ಕೇಳಿದರು. ಚೆನ್ನಮ್ಮ ತಲೆ ತಗ್ಗಿಸಿಕೊಂಡು, ಬುಡಿ ಅಮ್ಮಾರೆ ಅಂದಳು. ಇಷ್ಟೇ.

ರಾಮಾಂಜಿನಯ್ಯ ಮಂಡಿಯಿಂದ ಬಂದಾಗ ಮೇಜಿನ ಮೇಲೆ ಬಟ್ಟೆ ಮುಚ್ಚಿತ್ತು. ಅತ್ತಿಗೆ ಗಂಡಸರೆದುರು ಕೂತು ಮಾತಾಡುವವರಲ್ಲ. ಅವತ್ತು ಬಾಗಿಲಾಚೆ ಬಂದು, ಅಣ್ಣನ ಬೆಂಚಿನ ತುದಿಯಲ್ಲೇ ಕೂತರು.

"ರಾಮಾಂಜಿನಯ್ಯನೋರೆ, ನಿಮ್ಮ ಮಗಳನ್ನ ನೋಡಿ ಬೇಡ ಅಂದೋರು ಇದುವರೆಗೂ ಯಾರೂ ಇಲ್ಲ. ಅವಳನ್ನ ನೋಡೋಕ್ಕೆ ಅಂತ ಯಾರೂ ಬರ್ಲೇ ಇಲ್ಲ. ನಾನು ಬರ್ದಿದ್ದನ್ನ ನೋಡೋಕ್ಕೆ ಬಂದ್ರು, ಅದು ಸಿಗ್ಲಿಲ್ಲ ಅಂತ ಎದ್ದುಹೋದ್ರು. ಇನ್ನು ನಾನು ಬರ್ಯಲ್ಲ."

ಅವನಿಗೆ ಸಿಟ್ಟು ನೆತ್ತಿಗೇರಿತು. ನಿಮಗೆ ಹೆಣ್ಣುಮಕ್ಕಳಿಲ್ಲ, ಹೆತ್ತವರ ಸಂಕಟ ನಿಮಗೇನು ಗೊತ್ತು ಅಂದ. ಮಕ್ಕಳಿಲ್ಲದ ಅತ್ತಿಗೆಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆದರೂ ಮಿಸುಕಲಿಲ್ಲ. ಅಣ್ಣ ನಡುವೆ ಬಂದು ಏನೇನೋ ಸಂಭಾಳಿಸಲು ನೋಡಿದ. ಅಷ್ಟರಲ್ಲಿ ಚೆನ್ನಮ್ಮ, ಅಪ್ಪ ಹಿಂದೆ ಒಯ್ಯದೆ ಬಿಟ್ಟಿದ್ದರಿಂದ ಸ್ಟುಡಿಯೋ ಮೇಜಿನ ಮೇಲೆ ಬಿದ್ದಿದ್ದ ಜಪಾನಿ ಕ್ಯಾಮೆರಾದ ಪ್ರಿಂಟನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡು ರಸ್ತೆಗಿಳಿದಿದ್ದಳು. ಅಪ್ಪ ಬೈಯುತ್ತಾ ಹಿಂದೆ ಹೋದ.

ಮೂರು ದಿನ ಅಣ್ಣ ಅತ್ತಿಗೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೆಲಸವಿಲ್ಲ ಅಂತ ವರ್ಷವೆಲ್ಲ ಮುಖ ಊದಿಸಿಕೊಂಡಿದ್ದವಳು ತಾನಾಗಿ ಬಂದ ಕೆಲಸವನ್ನು ಒದ್ದಳಲ್ಲ ಅಂತ ನನ್ನ ಹತ್ತಿರ ಹೇಳಿಕೊಂಡ. ಆಮೇಲೆ ಹಳೇ ಕ್ಯಾಮೆರಾದ ಟಚಿಂಗ್ ಕೇಳಿಕೊಂಡು ಇನ್ನೂ ಒಬ್ಬಿಬ್ಬರು ಬಂದರು. ಅತ್ತಿಗೆ ಇಲ್ಲ ಅಂದರು. ಸುದ್ದಿ ಹಬ್ಬಿ, ಬರುವುದೇ ನಿಂತಿತು.

ಆ ತಿಂಗಳುಗಳು ಅತ್ತಿಗೆಗೆ ಹೇಗೆ ಕಳೆದವು ಅಂತ ನನಗೆ ಗೊತ್ತು. ಕಡಬದ ಕಡೆಯವರು ಯಾರೇ ಸ್ಟುಡಿಯೋಗೆ ಬಂದರೂ ಕಾಫಿ ಕೊಡುವ ನೆವದಲ್ಲಿ ಹೋಗಿ ರಾಮಾಂಜಿನಯ್ಯನ ಮನೆ ವಿಷಯ ವಿಚಾರಿಸುತ್ತಿದ್ದರು. ಮದುವೆ ಇನ್ನೂ ಆಗಿಲ್ಲ ಅಂದರೆ ಖಾಲಿ ಲೋಟ ತೆಗೆದುಕೊಳ್ಳುವುದನ್ನೂ ಮರೆತು ಒಳಗೆ ಬರುತ್ತಿದ್ದರು. ಆ ಹುಡುಗಿಯ ಬಾಳು ನನ್ನ ಹಟದಿಂದ ಹಾಳಾಯಿತೇನೋ ಅಂತ ಒಂದು ಸಲ ಬಾಯಿಬಿಟ್ಟು ಕೇಳಿದರು.

ಮಾರನೇ ವರ್ಷ ಬೇಸಿಗೆಯಲ್ಲಿ ರಾಮಾಂಜಿನಯ್ಯ ತಾನೇ ಬಂದ. ಬಂದವನು ಅಣ್ಣನನ್ನು ಮಾತಾಡಿಸದೆ ಒಳಬಾಗಿಲ ಮುಂದೆ ನಿಂತ. ಮಾರ್ಕೋನಹಳ್ಳಿ ಕಡೆಯ ಗಂಡು, ನೀರಾವರಿ ಜಮೀನು, ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರು ಕೆಲಸ. ಮಗಳು ಹಟ ಹಿಡಿದು ಅವತ್ತು ಎತ್ತಿಕೊಂಡು ಹೋದ ಅದೇ ಫೋಟೋ ಕಳಿಸಿದ್ದಳಂತೆ.

"ಬಂದ್ರು ಕಣಮ್ಮ. ನೋಡಿದ್ರು. ಉಪ್ಪಿಟ್ಟು ತಿಂದ್ರು. ಏಳ್ತಾರೆ ಏಳ್ತಾರೆ ಅಂತ ನಾನು ಎದೆ ಹಿಡ್ಕೊಂಡು ನಿಂತಿದ್ದೆ. ಏಳ್ನೇ ಇಲ್ಲ. ಕೂತೇ ಇದ್ರು."

ಮದುವೆಯ ಫೋಟೋಕ್ಕೆ ಅಣ್ಣನೇ ಬರಬೇಕು, ಸಿಂಗಪುರದ ಕ್ಯಾಮೆರಾನೇ ತರಬೇಕು ಅಂತ ಹೇಳಿ, ತೆಂಗಿನಕಾಯಿಯ ಚೀಲ ಇಳಿಸಿ ಹೋದ. ಅಣ್ಣನಿಗೆ ಸಂತೋಷವೋ ಸಂತೋಷ. ಅತ್ತಿಗೆ ಒಳಗೆ ಹೋಗಿ ಕಿಟಕಿ ಹತ್ತಿರ ಕೂತು ಬಿಕ್ಕಿಬಿಕ್ಕಿ ಅತ್ತರು. ಅಣ್ಣ ಗಾಬರಿಯಾಗಿ ಬಂದು, ಒಳ್ಳೇ ಸುದ್ದಿಗೆ ಯಾಕೆ ಅಳ್ತಾಳೆ ಇವಳು ಅಂತ ನನ್ನನ್ನು ಕೇಳಿದ. ಆ ಹುಡುಗಿ ಗೆದ್ದಳು ಅಂತ ಅಳುತ್ತಿದ್ದಾರೆ ಅಂದೆ. ಅದು ನಿಜ. ಆದರೆ ಆ ಕೆನ್ನೆಗೆ ತಮ್ಮ ಪೆನ್ಸಿಲ್ ಯಾವತ್ತೂ ಬೇಕಾಗಿರಲಿಲ್ಲ ಅನ್ನುವುದು ಅವತ್ತು ಅವರಿಗೆ ಖಾತ್ರಿಯಾಗಿತ್ತು. ಅದಕ್ಕೂ ಅಳುತ್ತಿದ್ದರು.